ಕೊನೆಯ ಮುನ್ನೂರು ವ್ಯಾಟ್

ಎನ್‌ವಿಡಿಯಾ ಕಂಪನಿ 2025ರಲ್ಲಿ ವರ್ಕ್‌ಸ್ಟೇಷನ್‌ಗಳಿಗೆಂದು ಆರ್‌ಟಿಎಕ್ಸ್ ಪ್ರೊ 6000 ಬ್ಲ್ಯಾಕ್‌ವೆಲ್ ಎಂಬ ಗ್ರಾಫಿಕ್ಸ್ ಕಾರ್ಡನ್ನು ಎರಡು ಬಗೆಯಲ್ಲಿ ತಂದಿತು. ಎರಡರಲ್ಲೂ ಇರುವುದು ಒಂದೇ ಚಿಪ್, ಅಷ್ಟೇ ಕೋರ್‌ಗಳು, ಅದೇ 96 ಜಿಬಿ ಮೆಮೊರಿ. ವ್ಯತ್ಯಾಸ ಇರುವುದು ಕರೆಂಟಿನಲ್ಲಿ: ಒಂದಕ್ಕೆ 600 ವ್ಯಾಟ್, ಮ್ಯಾಕ್ಸ್-ಕ್ಯೂ ಎಂಬ ಇನ್ನೊಂದಕ್ಕೆ 300. ಹಾಗಾದರೆ ಎರಡನೆಯದು ಅರ್ಧದಷ್ಟೇ ಕೆಲಸ ಮಾಡಬೇಕಲ್ಲವೇ? ಕಂಪನಿಯೇ ಕೊಟ್ಟ ಲೆಕ್ಕದ ಪ್ರಕಾರ ಮೊದಲನೆಯದರ ಗರಿಷ್ಠ ಸಾಮರ್ಥ್ಯ 125 ಟೆರಾಫ್ಲಾಪ್ಸ್ (ಲೆಕ್ಕ ಮಾಡುವ ವೇಗದ ಅಳತೆ), ಎರಡನೆಯದರದು 110. ಕೊನೆಯ 300 ವ್ಯಾಟ್ ಸುರಿದು ಗಳಿಸಿದ್ದು ಶೇ. 14ರಷ್ಟು ವೇಗ ಮಾತ್ರ.

ದುಬಾರಿ ಡೆಸ್ಕ್‌ಟಾಪ್‌ಗಳ ವಿದ್ಯುತ್ ಹಸಿವಿನ ಮಾತು ಬಂದಾಗಲೆಲ್ಲ ‘ಹೆಚ್ಚು ಕೆಲಸ ಬೇಕೆಂದರೆ ಹೆಚ್ಚು ಕರೆಂಟ್ ಬೇಡವೇ?’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದರಲ್ಲಿ ಸತ್ಯವಿಲ್ಲದಿಲ್ಲ. 1997ರಲ್ಲಿ ಜಗತ್ತಿನ ಅತಿ ವೇಗದ ಯಂತ್ರವಾಗಿದ್ದ ಅಮೆರಿಕದ ಆಸ್ಕಿ ರೆಡ್ ಒಂದು ಟೆರಾಫ್ಲಾಪ್ ಲೆಕ್ಕಕ್ಕೆ ಸುಮಾರು 850 ಕಿಲೋವ್ಯಾಟ್ ನುಂಗುತ್ತಿತ್ತು. ಅದನ್ನು ತಣ್ಣಗಿಡುವ ಖರ್ಚು ಬೇರೆ. ಆ ಮಟ್ಟದ ಕೆಲಸ ಈಗ ಮೇಜಿನ ಕೆಳಗಿನ ಪೆಟ್ಟಿಗೆಯೊಳಗೆ ನಡೆಯುತ್ತದೆ. ಒಂದು ಲೆಕ್ಕಕ್ಕೆ ತಗಲುವ ವಿದ್ಯುತ್ ಇಳಿಯುತ್ತಲೇ ಬಂದಿದೆ. ಆದರೂ ಪೆಟ್ಟಿಗೆ ಎಳೆಯುವ ವಿದ್ಯುತ್ ಏರುತ್ತಿದೆ. ಎನ್‌ವಿಡಿಯಾದ ಕಾರ್ಡುಗಳನ್ನೇ ನೋಡಿ: 2017ರ ಜಿಟಿಎಕ್ಸ್ 1080 ಟಿಐಗೆ 250 ವ್ಯಾಟ್, 2022ರ ಆರ್‌ಟಿಎಕ್ಸ್ 4090ಗೆ 450, 2025ರ 5090ಗೆ 575.

ಕಾರಣ ಹೈಸ್ಕೂಲಿನ ಗಣಿತದಷ್ಟೇ ಸರಳ. ಚಿಪ್ ದುಡಿಯುವಾಗಿನ ವಿದ್ಯುತ್ ಬಳಕೆ ಅದರ ಗಡಿಯಾರದ ವೇಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜಿನ ವಿಷಯದಲ್ಲಾದರೆ ಅದರ ವರ್ಗಕ್ಕೆ ತಕ್ಕಂತೆ. ವೇಗವನ್ನು ಒಂದು ಹಂತದಾಚೆಗೆ ಒಯ್ಯಬೇಕೆಂದರೆ ವೋಲ್ಟೇಜನ್ನೂ ಏರಿಸಲೇಬೇಕು. ಎರಡನ್ನೂ ಶೇ. 10 ಏರಿಸಿದರೆ ಬಳಕೆ ಶೇ. 33 ಹೆಚ್ಚುತ್ತದೆ. ತಯಾರಕರಿಗೆ ಇದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಯಂತ್ರವನ್ನು ಆ ಕಡಿದಾದ ಏರಿನ ತುದಿಯಲ್ಲೇ ನಿಲ್ಲಿಸಿ ಮಾರುತ್ತಾರೆ.

ಇದರಲ್ಲಿ ಕೊಳ್ಳುವವರ ಪಾಲೂ ಇದೆ. 2024ರ ಆಗಸ್ಟಿನಲ್ಲಿ ಎಎಮ್‌ಡಿ ತನ್ನ ರೈಜೆನ್ 7 9700ಎಕ್ಸ್ ಪ್ರೊಸೆಸರನ್ನು 65 ವ್ಯಾಟ್‌ಗೆ ಹೊಂದಿಸಿ ಬಿಡುಗಡೆ ಮಾಡಿತು. ಅಪರೂಪದ ಸಂಯಮ! ಅದಕ್ಕೆ ಸಿಕ್ಕ ಬಹುಮಾನವೆಂದರೆ, ಹಳೆಯದಕ್ಕಿಂತ ಹೇಳಿಕೊಳ್ಳುವಂಥ ವೇಗವಿಲ್ಲವೆಂಬ ವಿಮರ್ಶಕರ ಗೊಣಗಾಟ. ತಿಂಗಳೊಪ್ಪತ್ತಿನಲ್ಲಿ 105 ವ್ಯಾಟ್‌ಗೆ ಏರಿಸಿಕೊಳ್ಳುವ ಅವಕಾಶವನ್ನು ಕಂಪನಿ ಕೊಟ್ಟಿತು. ಅದೇ ವರ್ಷ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳು ಮಿತಿಮೀರಿದ ವೋಲ್ಟೇಜಿನಿಂದ ಹಾಳಾಗುತ್ತಿರುವುದು ಬಯಲಾಯಿತು. ಕಂಪನಿ ಮೈಕ್ರೋಕೋಡ್ ತಿದ್ದಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಬೇಕಾಯಿತು. ವೇಗ ಹೋಲಿಸುವ ನಕ್ಷೆಯಲ್ಲಿ ಒಂದು ಗೆರೆ ಉದ್ದವಾಗಿ ಕಾಣಲೆಂದು ತೆತ್ತ ಬೆಲೆ ಇದು.

ಬಿಲ್ಲಿನ ಭಯ ತೋರಿಸಿ ಯಾರನ್ನೂ ಒಪ್ಪಿಸಲಾಗದು, ಇದನ್ನು ಒಪ್ಪಿಕೊಳ್ಳಬೇಕು. ಒಂದು ಕಿಲೋವ್ಯಾಟ್ ಎಳೆಯುವ ಯಂತ್ರ ದಿನಕ್ಕೆ ಎಂಟು ಗಂಟೆಯಂತೆ ತಿಂಗಳಲ್ಲಿ 25 ದಿನ ದುಡಿದರೆ 200 ಯೂನಿಟ್. 2025-26ರ ಬೆಸ್ಕಾಂ ಗೃಹಬಳಕೆ ದರ ಯೂನಿಟ್‌ಗೆ ₹5.80, ಒಟ್ಟು ₹1,160, ಇತರ ಶುಲ್ಕ ಪ್ರತ್ಯೇಕ. ಕಾರ್ಡೊಂದಕ್ಕೇ ಎರಡು ಲಕ್ಷ ಮೀರಿ ಕೊಟ್ಟವರಿಗೆ ಇದು ಚಿಲ್ಲರೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಫಲಾನುಭವಿಗೆ ಮಾತ್ರ ತುಸು ಬಿಸಿ ತಟ್ಟೀತು: ಅದರ ಗರಿಷ್ಠ ಮಿತಿಯೂ 200 ಯೂನಿಟ್ಟೇ, ಫ್ರಿಜ್ಜು ಫ್ಯಾನುಗಳ ಸರದಿ ಬರುವ ಮೊದಲೇ ಅದು ಮುಗಿದಿರುತ್ತದೆ.

ನಿಜವಾದ ಹೊರೆ ಬಿಲ್ಲಿನ ಆಚೆಗಿದೆ. ಕಂಪ್ಯೂಟರಿಗೆ ಹೋದ ವಿದ್ಯುತ್ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಮುಚ್ಚಿದ ಕೋಣೆಯೊಳಗೆ ಒಂದು ಕಿಲೋವ್ಯಾಟಿನ ಹೀಟರ್ ಇಟ್ಟುಕೊಂಡು ಕೂರಲು ಯಾರು ಬಯಸುತ್ತಾರೆ? ಆ ಶಾಖವನ್ನು ಹೊರಹಾಕಲು ಎಸಿ ಮತ್ತಷ್ಟು ಎಳೆಯುತ್ತದೆ. ಮನೆಯ ಸಣ್ಣ ಪ್ಲಗ್ ಪಾಯಿಂಟು 6 ಆಂಪಿಯರಿನದು, 230 ವೋಲ್ಟಿನಲ್ಲಿ ಅದರ ಮಿತಿ 1,380 ವ್ಯಾಟ್. ಡೆಸ್ಕ್‌ಟಾಪ್‌ಗೆ ಜನ ಸಾಮಾನ್ಯವಾಗಿ ಕೊಳ್ಳುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಆಸುಪಾಸು. ಕರೆಂಟ್ ಹೋದ ಕ್ಷಣವೇ ಅರ್ಧ ರೆಂಡರ್ ಆದ ದೃಶ್ಯವೂ ಹೋಗುತ್ತದೆ.

ಕಾನೂನು ಈ ಗಂಟಿಗೆ ಕೈ ಹಾಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವರ್ಕ್‌ಸ್ಟೇಷನ್‌ಗಳಿಗೆ 2018ರಿಂದ, ಡೆಸ್ಕ್‌ಟಾಪ್‌ಗಳಿಗೆ 2019ರಿಂದ ನಿಯಮಗಳಿವೆ. ಅಲ್ಲಿ ಡೆಸ್ಕ್‌ಟಾಪ್‌ನ ಲೆಕ್ಕಕ್ಕೆ ಬರುವುದು ಅದು ಸುಮ್ಮನಿದ್ದಾಗ, ನಿದ್ದೆಯಲ್ಲಿದ್ದಾಗ ತಿನ್ನುವ ವಿದ್ಯುತ್. ಬಹುಪಾಲು ಕಂಪ್ಯೂಟರ್‌ಗಳು ಹೆಚ್ಚು ಹೊತ್ತು ಸುಮ್ಮನೇ ಉರಿಯುತ್ತಿರುವುದರಿಂದ ಅದು ಸರಿಯೇ. ದುಡಿಯುವಾಗಿನ ಗರಿಷ್ಠ ಮಿತಿಯನ್ನು ಮಾತ್ರ ತಯಾರಕರ ಮರ್ಜಿಗೇ ಬಿಡಲಾಗಿದೆ.

ಯಾರೂ ನಿಷೇಧ ಹೇರಬೇಕಿಲ್ಲ. ಹವಾಮಾನದ ಲೆಕ್ಕಾಚಾರಕ್ಕೋ, ನಾಳೆಯೇ ಕೊಡಬೇಕಾದ ಸಿನಿಮಾ ರೀಲಿಗೋ ಪೂರ್ತಿ ವೇಗ ಬೇಕಾಗಬಹುದು; ಬೇಕಾದವರು ಏರಿಸಿಕೊಳ್ಳಲಿ. ಕಾರ್ಖಾನೆಯಿಂದ ಬರುವಾಗ ಯಂತ್ರ ಕಡಿಮೆ ಮಿತಿಯಲ್ಲಿರಲಿ ಎಂಬುದಷ್ಟೇ ಬೇಡಿಕೆ. ಈಗಿರುವುದು ಇದರ ತಲೆಕೆಳಗು. ರೈಜೆನ್‌ನಲ್ಲಿ ಇಕೋ ಮೋಡ್ ಇದೆ, ಎನ್‌ವಿಡಿಯಾ ಕಾರ್ಡಿನ ವ್ಯಾಟ್ ಮಿತಿಯನ್ನು ಒಂದೇ ಕಮಾಂಡಿನಲ್ಲಿ ಇಳಿಸಬಹುದು. ಹುಡುಕಿಕೊಂಡು ಹೋದವರಿಗಷ್ಟೇ ಅವು ಸಿಗುತ್ತವೆ. ಕಂಪನಿಗಳಿಗೆ ಕಡಿಮೆ ಮಿತಿಯ ಲಾಭ ಚೆನ್ನಾಗಿಯೇ ಗೊತ್ತು. ಒಂದೇ ಪೆಟ್ಟಿಗೆಯಲ್ಲಿ ಹಲವು ಕಾರ್ಡು ಜೋಡಿಸುವವರಿಗೆಂದೇ ಮ್ಯಾಕ್ಸ್-ಕ್ಯೂ ರೂಪ ಹುಟ್ಟಿದ್ದು: 1,200 ವ್ಯಾಟ್‌ನಲ್ಲಿ 600ರ ಎರಡು ಕಾರ್ಡು ಕೊಡುವುದು 250 ಟೆರಾಫ್ಲಾಪ್ಸ್, 300ರ ನಾಲ್ಕು ಕಾರ್ಡು ಕೊಡುವುದು 440.