ದದ್ದು ಮೂರು ದಿನದ್ದು, ಪಾಡು ಜೀವಮಾನದ್ದು

ಬೆಳಿಗ್ಗೆ ಎಂಟೂವರೆ ಬಸ್ಸಿನಲ್ಲಿ ಓಡಾಡುವವರು ಆ ತಾಯಿ ಮಗುವನ್ನು ನೋಡಿರುತ್ತೀರಿ. ಎರಡೂವರೆ ವರ್ಷದ ಹೆಣ್ಣು ಮಗು. ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ, ಜಾರದಂತೆ ತಲೆ ಸುತ್ತ ಎಲಾಸ್ಟಿಕ್ಕು. ಎರಡು ಕಿವಿಗೂ ಮಿಷನ್ನು. ಪಕ್ಕದಲ್ಲಿ ಕೂತವರು ಎರಡು ಸ್ಟಾಪು ಸುಮ್ಮನಿರುತ್ತಾರೆ, ಮೂರನೆಯದಕ್ಕೆ ಕೇಳಿಯೇ ಕೇಳುತ್ತಾರೆ: "ಗ್ರಹಣದ ದಿನ ಹೊರಗೆ ಬಂದಿದ್ರೇನಮ್ಮಾ?" ಮೊನ್ನೆ ಒಬ್ಬ ಹಿರಿಯರು ಇನ್ನೂ ಮುಂದಕ್ಕೆ ಹೋಗಿ, ಸೋದರಮಾವನನ್ನೇ ಮದುವೆಯಾದದ್ದಾ ಅಂತ ವಿಚಾರಿಸಿದರು. ಆಕೆ ಕಿಟಕಿ ಕಡೆ ತಿರುಗಿದರು. ಹಿಂದಿನ ಸೀಟಿನಲ್ಲಿದ್ದ ಈ ವರದಿಗಾರ ಆಸ್ಪತ್ರೆ ಸ್ಟಾಪಿನಲ್ಲಿ ಆಕೆಯ ಜೊತೆ ಇಳಿದ.

ಗ್ರಹಣವೂ ಅಲ್ಲ, ಸೋದರಮಾವನೂ ಅಲ್ಲ ಸ್ವಾಮಿ. ರುಬೆಲ್ಲಾ ಅನ್ನೋ ವೈರಸ್ಸು. ಬಸುರಾಗಿ ಎರಡು ತಿಂಗಳಿದ್ದಾಗ ಆಕೆಗೆ ಮೈಮೇಲೆ ಕೆಂಪು ದದ್ದು, ಸಣ್ಣ ಜ್ವರ, ಕಿವಿ ಹಿಂದೆ ಗಂಟು. ಅಲರ್ಜಿ ಅಂತ ಯಾರೋ ಮಾತ್ರೆ ಕೊಟ್ಟರು. ಮೂರು ದಿನಕ್ಕೆ ಎಲ್ಲಾ ಮಾಯ. ದೊಡ್ಡವರಿಗೆ ಅಷ್ಟೇ ಈ ರೋಗ. ಆದರೆ ಮೊದಲ ಮೂರು ತಿಂಗಳಲ್ಲಿ ಹೊಟ್ಟೆಯೊಳಗಿನ ಕೂಸಿಗೆ ಹೊಕ್ಕರೆ ಕಣ್ಣಿಗೆ ಪೊರೆ, ಕಿವಿ ಕಿವುಡು, ಹೃದಯದಲ್ಲಿ ದೋಷ, ಕೆಲವರಲ್ಲಿ ಬುದ್ಧಿ ಬೆಳವಣಿಗೆಗೂ ಪೆಟ್ಟು.

ಇದು ಹೊಸ ಸಂಗತಿಯೇನಲ್ಲ. 1941ರಲ್ಲೇ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರು ನಾರ್ಮನ್ ಗ್ರೆಗ್ ಇದನ್ನು ಹಿಡಿದರು. ಹೊರಗೆ ಕಾಯುತ್ತ ಕೂತ ತಾಯಂದಿರು ತಮ್ಮತಮ್ಮಲ್ಲಿ ಆಡಿದ ಮಾತೇ ಅವರಿಗೆ ಸುಳಿವು ಅಂತ ಹೇಳುತ್ತಾರೆ. 1964-65ರಲ್ಲಿ ಅಮೆರಿಕದಲ್ಲಿ ರೋಗ ಹಬ್ಬಿ ಸುಮಾರು 20,000 ಮಕ್ಕಳು ಹೀಗೇ ಹುಟ್ಟಿದವು. 1969ಕ್ಕೆ ಅಲ್ಲಿ ಲಸಿಕೆ ಬಂತು. ನಮ್ಮ ರಾಜ್ಯದಲ್ಲಿ ಶಾಲೆ ಶಾಲೆಗೆ ಹೋಗಿ ಅದನ್ನು ಚುಚ್ಚಿದ್ದು 2017ರ ಫೆಬ್ರವರಿಯಲ್ಲಿ. ನಡುವೆ 48 ವರ್ಷ!

ಆ ಅಭಿಯಾನ ನೆನಪಿದೆಯಲ್ಲ? ದಡಾರ-ರುಬೆಲ್ಲಾ ಸೂಜಿ, 9 ತಿಂಗಳಿಂದ 15 ವರ್ಷದೊಳಗಿನ ಎಲ್ಲರಿಗೂ. ವಾಟ್ಸಾಪಿನಲ್ಲಿ ಏನೇನೋ ವದಂತಿ ಹಬ್ಬಿಸಿದರು, ಮಕ್ಕಳಾಗಲ್ಲ ಅಂದರು. ಗಂಡು ಹುಡುಗರಿಗೆ ಯಾಕೆ ಅಂತಲೂ ಕೇಳಿದರು. ಯಾಕೆಂದರೆ ರೋಗ ಮನೆಗೆ ತರೋದು ಗಂಡು ಹೆಣ್ಣು ನೋಡಿ ಅಲ್ಲ. ಆಮೇಲೆ ಅದು ಕೂಸುಗಳ ಮಾಮೂಲಿ ಲಸಿಕೆ ಪಟ್ಟಿಗೆ ಸೇರಿತು: 9 ತಿಂಗಳಿಗೊಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು. ಒಳ್ಳೆಯದೇ ಆಯಿತು.

ಈಗ ಸಣ್ಣ ಲೆಕ್ಕ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೂ ಬಿಡಿಸಲು ಬಂತು. 2017ರಲ್ಲಿ 15 ತುಂಬಿದ್ದ ಹುಡುಗಿಯರು, ಅಂದರೆ 2002ರ ಫೆಬ್ರವರಿಗೆ ಮೊದಲು ಹುಟ್ಟಿದವರು, ಈ ಸೂಜಿಯಿಂದ ಹೊರಗುಳಿದರು. ಅದಕ್ಕೂ ಹಿಂದೆ ಎಂ.ಎಂ.ಆರ್. ಸಿಕ್ಕಿದ್ದು ಹೆಚ್ಚಾಗಿ ಖಾಸಗಿ ಡಾಕ್ಟರಿಗೆ ದುಡ್ಡು ಕೊಟ್ಟವರ ಮಕ್ಕಳಿಗೆ. ಚಿಕ್ಕಂದಿನಲ್ಲೇ ರೋಗ ಬಂದು ಹೋಗಿ ಬಹಳ ಮಂದಿಗೆ ತಾನಾಗಿ ತಡೆಶಕ್ತಿ ಬಂದಿರುತ್ತೆ, ನಿಜ. ಬಾರದವರು? ಅವರೇ ಈಗ ಮದುವೆಯಾಗಿ ಬಸುರಿಯರಾಗುತ್ತಿರುವವರು. 2023ರೊಳಗೆ ರೋಗ ನಿರ್ಮೂಲನೆ ಅಂತ ದೆಹಲಿಯವರು ಗುರಿ ಇಟ್ಟಿದ್ದರು. ತಪ್ಪಿತು, 2026 ಅಂದರು. ಮದುವೆಗೆ ಮುಂಚೆ ಒಂದು ರಕ್ತ ಪರೀಕ್ಷೆ, ಇಲ್ಲದಿದ್ದರೆ ಒಂದು ಸೂಜಿ, ಆಮೇಲೆ ಒಂದು ತಿಂಗಳು ಗರ್ಭ ನಿಲ್ಲದಂತೆ ಎಚ್ಚರ. ಇಷ್ಟೇ ಬೇಕಾದ್ದು. ಬಸುರಾದ ಮೇಲೆ ಈ ಸೂಜಿ ಹಾಕುವಂತಿಲ್ಲ. ಜಾತಕದ ಮೂವತ್ತಾರು ಗುಣ ನೋಡುವ ನಾವು ಇದನ್ನು ಕೇಳೋದಿಲ್ಲ.

ಸರಿ, ಹುಟ್ಟಿದ ಮಗುವಿನ ಪಾಡೇನು? ಕಣ್ಣಿನ ಪೊರೆ ಕಾಯುವಂಥದ್ದಲ್ಲ. ವಾರಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕು. ತಡವಾದರೆ ಪೊರೆ ತೆಗೆದರೂ ಮಿದುಳು ನೋಡೋದನ್ನೇ ಕಲಿತಿರಲ್ಲ. ಕಿವಿಯದ್ದೂ ಹೀಗೇ. ಬರೀ ಕಿವುಡು ಮಗುವಾದರೆ ತುಟಿ ನೋಡಿ, ಕೈಸನ್ನೆ ನೋಡಿ ಮಾತು ಹಿಡಿಯುತ್ತೆ. ಇಲ್ಲಿ ಕಣ್ಣೂ ಮಬ್ಬು. ಹಾಗಾಗಿ ಈ ತಾಯಿ ಮಗುವಿನ ಮುಖಕ್ಕೆ ಮುಖ ತಂದು, ಗೇಣು ದೂರದಲ್ಲಿ ಮಾತಾಡುತ್ತಾರೆ. ಮಗುವಿನ ಕೈಯನ್ನು ತಮ್ಮ ಗಂಟಲ ಮೇಲಿಟ್ಟು "ಅಮ್ಮ" ಅನ್ನುತ್ತಾರೆ. ಬಸ್ಸಿನಲ್ಲಿ ನಕ್ಕವರು ನಕ್ಕದ್ದು ಇದನ್ನೇ ನೋಡಿ.

ಸರ್ಕಾರದ ಬಳಿ ಏನೂ ಇಲ್ಲ ಅಂತಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಹುಟ್ಟು ಕಿವುಡು, ಹುಟ್ಟು ಪೊರೆ, ಹೃದಯದ ದೋಷ ಮೂರೂ ಅದರ ಪಟ್ಟಿಯಲ್ಲಿವೆ. ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಅಂತಲೂ ಉಂಟು. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟಿರುತ್ತೆ. ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ. ಎಲ್ಲ ಇದೆ, ಹೋಗಿ ಬರೋದು ಯಾರು? ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಬಂದರೆ ಮೂರು ದಿನದ ಕೂಲಿ ಖೋತಾ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಫ್ರೀ ಆದದ್ದಕ್ಕೆ ಇದಾದರೂ ನಡೆದಿದೆ ಅಂತ ಆಕೆಯೇ ಹೇಳಿದರು. ಶಕ್ತಿ ಯೋಜನೆಗೆ ದಿನಾ ಶಾಪ ಹಾಕುವ ನಮ್ಮ ಪೇಟೆಯ ಕೆಲವು ಸಾಹುಕಾರರು ಇದನ್ನು ಕಿವಿಗೆ ಹಾಕಿಕೊಳ್ಳಲಿ.

ಸಾಹುಕಾರರ ಮಾತು ಬಂತು, ಇನ್ನೊಂದು. ಕಿವಿ ಮಿಷನ್ನಿನ ಸೆಲ್ಲು ಕೇಳಿದರೆ ವಾಚ್ ಅಂಗಡಿಯವರು ವಾಚಿನ ಸೆಲ್ಲು ಕೊಟ್ಟು ಕಳಿಸುತ್ತಾರೆ. ಅದು ಆಗಲ್ಲ. ಇದಕ್ಕೆ ಗಾಳಿ ಕುಡಿಯುವ ಜಿಂಕ್ ಸೆಲ್ಲೇ ಬೇಕು, ಮೇಲಿನ ಸ್ಟಿಕ್ಕರ್ ಕಿತ್ತ ಕೂಡಲೇ ಖರ್ಚಾಗಲು ಶುರು. ಪರೀಕ್ಷಿಸುವ ನೆಪದಲ್ಲಿ ಸ್ಟಿಕ್ಕರ್ ಕಿತ್ತಿಟ್ಟ ಸೆಲ್ಲನ್ನು ದಯವಿಟ್ಟು ಮಾರಬೇಡಿ. ಸೆಲ್ಲಿಲ್ಲದ ದಿನ ಆ ಮಗುವಿಗೆ ಒಂದು ಶಬ್ದವೂ ಇಲ್ಲ. ಕಿವಿ ಬೆಳೆದಂತೆಲ್ಲ ಒಳಗಿಡುವ ಅಚ್ಚೂ ಸಡಿಲಾಗಿ ಕುಯ್ಯಿಗುಟ್ಟುತ್ತೆ, ಕೆಲವು ತಿಂಗಳಿಗೊಮ್ಮೆ ಹೊಸದು ಮಾಡಿಸಬೇಕು.

ಆಕೆ ಹೇಳಿದ ಇನ್ನೊಂದು ವಿಷಯ ಮಾತ್ರ ನನ್ನನ್ನು ಬೆಚ್ಚಿಬೀಳಿಸಿತು. ಇಂಥ ಮಗುವಿನ ಎಂಜಲು, ಮೂತ್ರದಲ್ಲಿ ಒಂದು ವರ್ಷದವರೆಗೂ ವೈರಸ್ಸು ಹೊರಬರುತ್ತಿರಬಹುದು. ತಡೆಶಕ್ತಿ ಇಲ್ಲದ ಬಸುರಿಯರು ಹತ್ತಿರ ಸುಳಿಯಬಾರದು. ಇದನ್ನು ಹೆರಿಗೆಯಾದ ಆಸ್ಪತ್ರೆಯಲ್ಲಿ ಯಾರೂ ಆಕೆಗೆ ಹೇಳಲಿಲ್ಲ. ಅದೇ ವರ್ಷ ನಾದಿನಿ ಬಾಣಂತನಕ್ಕೆ ತವರಿಗೆ ಬಂದವಳು ತಿಂಗಳುಗಟ್ಟಲೆ ಈ ಕೂಸನ್ನು ಎತ್ತಿ ಮುದ್ದಾಡಿದಳು. ಅವಳ ಮಗು ಚೆನ್ನಾಗಿ ಹುಟ್ಟಿತು. ನಾದಿನಿ 2017ರಲ್ಲಿ ಒಂಬತ್ತನೇ ಕ್ಲಾಸು. ಅಜ್ಜ ಬೇಡವೆಂದರೂ ಮೇಷ್ಟ್ರು ಬೈದು ಸೂಜಿ ಹಾಕಿಸಿದ್ದರಂತೆ. ಈಕೆ ಆಗ ಸೆಕೆಂಡ್ ಪಿಯುಸಿ. ಕಾಲೇಜಿಗೆ ಯಾರೂ ಬರಲಿಲ್ಲ.