ಕಾರ್ಮಿಕರ ಆರೋಗ್ಯ ದಾಖಲೆ ಮತ್ತು ಬ್ಲಾಕ್‌ಚೈನ್ ಎಂಬ ಹೊಸ ಕಿರ್ದಿ

ಇಳಕಲ್ ಎಂದೊಡನೆ ಹೊರಗಿನವರಿಗೆ ಸೀರೆ ಹಾಗೂ ಕೆಂಪು ಗ್ರ್ಯಾನೈಟ್ ನೆನಪಾಗುತ್ತವೆ. ಕಲ್ಲು ಕೊರೆಯುವಾಗ, ಕತ್ತರಿಸುವಾಗ ಏಳುವ ಸಿಲಿಕಾ ಧೂಳು ವರ್ಷಗಳ ಕಾಲ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಉಂಟಾಗುತ್ತದೆ. ಅದನ್ನು ಗುಣಪಡಿಸುವ ಔಷಧವಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಉಚಿತ ವಾರ್ಷಿಕ ಆರೋಗ್ಯ ತಪಾಸಣೆಯ ಹೊಣೆಯನ್ನು ಮಾಲೀಕರಿಗೆ ವಹಿಸಿವೆ. ಅಂದರೆ ಹುನಗುಂದ, ಇಳಕಲ್, ಬಾಗಲಕೋಟೆ, ಬಾದಾಮಿಗಳ ಘಟಕಗಳಲ್ಲಿ ಕಾರ್ಮಿಕರ ಎಕ್ಸ್‌ರೇ, ರಕ್ತಪರೀಕ್ಷೆಯ ವರದಿಗಳು ನಮ್ಮ ಕಪಾಟು, ಮೊಬೈಲ್‌ಗಳನ್ನು ಸೇರುವ ಸಂಭವ ಹೆಚ್ಚಲಿದೆ. ಅವುಗಳನ್ನು ಯಾರು ನೋಡಬಹುದು ಎಂಬ ಪ್ರಶ್ನೆಯನ್ನು ಈಗಲೇ ಎದುರಿಸುವುದು ಲೇಸು.

ವರದಿ ಬಹಿರಂಗವಾದರೆ ರೋಗದ ಶಂಕೆಯುಳ್ಳ ಕಾರ್ಮಿಕನಿಗೆ ಬೇರೆಡೆ ಕೆಲಸ ಸಿಗುವುದು ಕಷ್ಟ. ವರದಿಯನ್ನು ಮುಚ್ಚಿಟ್ಟರೆ ಅಥವಾ ತಿದ್ದಿದರೆ ಪರಿಹಾರ ತಪ್ಪುತ್ತದೆ. ವ್ಯಾಜ್ಯ ಹುಟ್ಟಿದಾಗ ತಾನು ಏನನ್ನೂ ತಿದ್ದಿಲ್ಲವೆಂದು ತೋರಿಸಲು ಪ್ರಾಮಾಣಿಕ ಮಾಲೀಕನ ಬಳಿಯೂ ಸಾಕ್ಷ್ಯವಿರುವುದಿಲ್ಲ.

ಬ್ಲಾಕ್‌ಚೈನ್‌ನ ಪ್ರಯೋಜನ ಇಲ್ಲಿಯೇ ಇದೆ. ವರ್ತಕರಿಗೆ ಇದು ಅಪರಿಚಿತ ವಿಚಾರವಲ್ಲ. ಕಿರ್ದಿಯಲ್ಲಿ ಬರೆದುದನ್ನು ಅಳಿಸುವಂತಿಲ್ಲ. ತಪ್ಪಾದರೆ ಎದುರು ನಮೂದು ಹಾಕಿ ಸರಿಪಡಿಸಬೇಕು. ಬ್ಲಾಕ್‌ಚೈನ್ ಅಂಥದೇ ಒಂದು ಕಿರ್ದಿ. ಪ್ರತಿ ಪುಟವೂ ಹಿಂದಿನ ಪುಟದ ಗುರುತನ್ನು ಹೊತ್ತಿರುತ್ತದೆ ಮತ್ತು ಅದರ ಪ್ರತಿಗಳು ಹಲವರ ಬಳಿ ಇರುತ್ತವೆ. ಒಬ್ಬನು ಗುಟ್ಟಾಗಿ ತಿದ್ದಿದರೆ ಉಳಿದ ಪ್ರತಿಗಳು ಅದನ್ನು ಬಯಲಿಗೆಳೆಯುತ್ತವೆ. ಯಾರು, ಯಾವ ದಿನ, ಯಾವ ಉದ್ದೇಶಕ್ಕೆ ಸಮ್ಮತಿ ನೀಡಿದರು, ಯಾವಾಗ ಹಿಂಪಡೆದರು, ಯಾರು ವರದಿ ತೆರೆದರು ಎಂಬುದನ್ನು ಹೀಗೆ ದಾಖಲಿಸಬಹುದು.

ಆದರೆ ವರದಿಯನ್ನೇ ಈ ಕಿರ್ದಿಯಲ್ಲಿ ಬರೆಯತಕ್ಕದ್ದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ತನ್ನ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕನ್ನು ವ್ಯಕ್ತಿಗೆ ನೀಡಿದೆ. ಅಳಿಸಲಾಗದ ಪುಸ್ತಕಕ್ಕೂ ಈ ಹಕ್ಕಿಗೂ ಹೊಂದಾಣಿಕೆಯಾಗದು. ಎಸ್ಟೋನಿಯಾ ದೇಶವು 2016ರಿಂದ ಆರೋಗ್ಯ ದಾಖಲೆಗಳ ರಕ್ಷಣೆಗೆ ಈ ಬಗೆಯ ತಂತ್ರವನ್ನು ಅಳವಡಿಸಿಕೊಂಡಿದ್ದರೂ ಸರಪಳಿಯಲ್ಲಿರುವುದು ದಾಖಲೆಯ ಗುರುತು ಮಾತ್ರ, ದಾಖಲೆಯಲ್ಲ. ನಮ್ಮಲ್ಲಿಯೂ 2021ರಲ್ಲಿ ರಾಷ್ಟ್ರವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, 14 ಅಂಕಿಗಳ ಆಭಾ ಸಂಖ್ಯೆಯ ಮೂಲಕ, ದಾಖಲೆಯನ್ನು ಆಸ್ಪತ್ರೆಯಲ್ಲಿಯೇ ಇರಿಸಿ ರೋಗಿಯ ಸಮ್ಮತಿಯ ಮೇರೆಗೆ ಹಂಚುವ ವ್ಯವಸ್ಥೆಯನ್ನು ರೂಪಿಸಿದೆ. ಇಲ್ಲಿಂದ ಗೋವಾಕ್ಕೆ ದುಡಿಯಲು ಹೋಗುವವನ ಎಕ್ಸ್‌ರೇಯನ್ನು ಅಲ್ಲಿನ ವೈದ್ಯರು ನೋಡಲು ಇದು ಸಾಕು. ಅದಕ್ಕೆ ಬ್ಲಾಕ್‌ಚೈನ್ ಬೇಕಿಲ್ಲ.

ಹಾಗಾದರೆ ಬ್ಲಾಕ್‌ಚೈನ್ ಬೇಕಾಗುವುದೆಲ್ಲಿ? ಪರಸ್ಪರ ನಂಬಿಕೆ ಕಡಿಮೆಯಿರುವ ಮಾಲೀಕ, ಕಾರ್ಮಿಕ, ಆಸ್ಪತ್ರೆ, ವಿಮಾ ಸಂಸ್ಥೆಗಳ ನಡುವೆ. ಒಬ್ಬ ಮಾಲೀಕ ತನ್ನ ಕಚೇರಿಯಲ್ಲಿ ಒಂಟಿಯಾಗಿ ನಡೆಸುವ ಬ್ಲಾಕ್‌ಚೈನ್, ತನ್ನದೇ ತಿಜೋರಿಯಲ್ಲಿಟ್ಟ ಕಿರ್ದಿಗಿಂತ ಹೆಚ್ಚಿನದಲ್ಲ. ಅಂಥದನ್ನು ಮಾರಲು ಬರುವವರ ಬಗ್ಗೆ ಸದಸ್ಯರು ಎಚ್ಚರದಿಂದಿರಬೇಕು.

ಇನ್ನೂ ದೊಡ್ಡ ತೊಡಕೊಂದಿದೆ. ಸಮ್ಮತಿಯು ಮುಕ್ತವಾಗಿರಬೇಕೆಂದು ಕಾಯ್ದೆ ಹೇಳುತ್ತದೆ. ಕೂಲಿ ಕೊಡುವವನ ಎದುರು ನಿಂತು ಹೆಬ್ಬೆಟ್ಟು ಒತ್ತುವವನ ಸಮ್ಮತಿ ಎಷ್ಟು ಮುಕ್ತ? ಒತ್ತಾಯದ ಸಮ್ಮತಿಯನ್ನೂ ಯಂತ್ರವು ಅಷ್ಟೇ ನಿಷ್ಠೆಯಿಂದ ಕಾಯ್ದಿಡುತ್ತದೆ. ಆದ್ದರಿಂದ ಮೊದಲ ಸುಧಾರಣೆ ನಮ್ಮ ಪದ್ಧತಿಯಲ್ಲಿ ಆಗಬೇಕು. ಮಾಲೀಕನಿಗೆ ಸಾಮಾನ್ಯವಾಗಿ ಬೇಕಾದುದು ಕಾರ್ಮಿಕನು ಆ ಕೆಲಸಕ್ಕೆ ಯೋಗ್ಯನೇ, ಅವನನ್ನು ಧೂಳಿನಿಂದ ದೂರವಿಡಬೇಕೇ ಎಂಬ ವೈದ್ಯರ ಪ್ರಮಾಣಪತ್ರ. ಪೂರ್ಣ ವರದಿ ಕಾರ್ಮಿಕನ ಮತ್ತು ವೈದ್ಯರ ಬಳಿ ಇರಲಿ.

ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಬಾಧ್ಯತೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಭದ್ರತಾ ಲೋಪಕ್ಕೆ ದಂಡದ ಮಿತಿ 250 ಕೋಟಿ ರೂಪಾಯಿ. ಈ ಅವಧಿಯಲ್ಲಿ ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯು ಕನ್ನಡದಲ್ಲಿ ಸರಳವಾದ ಒಂದು ಸಮ್ಮತಿ ನಮೂನೆಯನ್ನು ಸಿದ್ಧಪಡಿಸಲಿ. ತರುವಾಯ ಗ್ರ್ಯಾನೈಟ್ ಘಟಕಗಳು, ಒಂದು ಆಸ್ಪತ್ರೆ ಹಾಗೂ ಕಾರ್ಮಿಕ ಸಂಘ ಸೇರಿ, ಮೂವರ ಬಳಿಯೂ ಪ್ರತಿಯಿರುವ ಸಮ್ಮತಿ ಕಿರ್ದಿಯನ್ನು ಪ್ರಾಯೋಗಿಕವಾಗಿ ನಡೆಸಲಿ. ಲೆಕ್ಕದ ಪುಸ್ತಕವನ್ನು ಶುದ್ಧವಾಗಿಡುವುದು ವರ್ತಕನ ಧರ್ಮವೆಂದು ನಂಬಿ ಬಂದವರು ನಾವು. ದುಡಿಯುವವನ ದೇಹದ ಲೆಕ್ಕಕ್ಕೂ ಅದೇ ಧರ್ಮ ಅನ್ವಯಿಸಬೇಕು.