ಶಿಶುವಿನ ಮನೆ ಮತ್ತು ಅಧ್ಯಯನದ ಭಾಷೆ

ಮನುಷ್ಯನ ಬೆಳವಣಿಗೆಯನ್ನು ಮನೋಗತಿಶೀಲ ದೃಷ್ಟಿಕೋನದಿಂದ ಅಭ್ಯಸಿಸುವುದೆಂದರೆ ವ್ಯಕ್ತಿತ್ವದ ಬೇರುಗಳನ್ನು ಬಾಲ್ಯದ ಸಂಬಂಧಗಳಲ್ಲಿ, ಅರಿವಿಗೆ ನೇರವಾಗಿ ನಿಲುಕದ ಸುಪ್ತಮನಸ್ಸಿನ ವ್ಯಾಪಾರಗಳಲ್ಲಿ ಅರಸುವುದು ಎಂದರ್ಥ. ಫ್ರಾಯ್ಡ್, ವಿನ್ನಿಕಾಟ್, ಎರಿಕ್‌ಸನ್ ಮೊದಲಾದವರ ಚಿಂತನೆಗಳು ನಮ್ಮ ಮನೋವಿಜ್ಞಾನದ ಸ್ನಾತಕೋತ್ತರ ತರಗತಿಗಳಲ್ಲಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಬೋಧನೆಗೊಳ್ಳುತ್ತವೆ. ಇದನ್ನು ಬೋಧನಾ ಮಾಧ್ಯಮದ ಹಳೆಯ ಚರ್ಚೆಗೆ ಸೇರಿಸಿ ಕೈಬಿಡುವುದು ವಾಡಿಕೆ. ಆದರೆ ಬಾಲ್ಯವನ್ನು ಕುರಿತ ಅಧ್ಯಯನಕ್ಕೆ ಮನೆಯ ಮಾತೇ ಮೂಲ ಆಕರ. ಆ ಆಕರವನ್ನು ಕಳೆದುಕೊಂಡ ಅಧ್ಯಯನವು ಎಷ್ಟೇ ಸಿದ್ಧಾಂತಬದ್ಧವಾಗಿದ್ದರೂ ಅಪೂರ್ಣವೆಂಬುದು ಪ್ರಸ್ತುತ ಬರಹದ ನಿಲುವು.

ಈ ಜ್ಞಾನಶಾಖೆ ನಮಗೆ ಹೊಸದಲ್ಲ. ಗಿರೀಂದ್ರಶೇಖರ ಬೋಸ್ ಅವರು 1922ರಲ್ಲಿಯೇ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು; ಫ್ರಾಯ್ಡ್ ಅವರೊಡನೆ ಪತ್ರಮುಖೇನ ವಾದಿಸಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಎಂ. ಶಿವರಾಂ ಅವರ 'ಮನಮಂಥನ' 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕನ್ನಡ ಕೃತಿ. ಮನಸ್ಸಿನ ಆಳವನ್ನು ಚರ್ಚಿಸುವ ಶಕ್ತಿ ಕನ್ನಡಕ್ಕಿಲ್ಲವೆಂಬ ಆಕ್ಷೇಪಕ್ಕೆ ಇದೊಂದೇ ಉತ್ತರ ಸಾಕು.

ಮನೋಗತಿಶೀಲ ಅಧ್ಯಯನದ ಮುಖ್ಯ ವಿಧಾನಗಳಲ್ಲೊಂದು ಶಿಶುವೀಕ್ಷಣೆ. ಲಂಡನ್ನಿನ ಟವಿಸ್ಟಾಕ್ ಕ್ಲಿನಿಕ್‌ನಲ್ಲಿ 1948ರಲ್ಲಿ ಎಸ್ತರ್ ಬಿಕ್ ಇದನ್ನು ಬೋಧನೆಯ ಭಾಗವಾಗಿಸಿದರು. ವಿದ್ಯಾರ್ಥಿಯು ವಾರಕ್ಕೊಮ್ಮೆ ಒಂದು ಗಂಟೆಯಂತೆ, ಸುಮಾರು 2 ವರ್ಷ, ಒಂದೇ ಮನೆಗೆ ಹೋಗಿ ಶಿಶುವನ್ನು ನೋಡುತ್ತಾನೆ. ಅಲ್ಲಿ ಟಿಪ್ಪಣಿ ಮಾಡಿಕೊಳ್ಳುವಂತಿಲ್ಲ, ಸಲಹೆ ನೀಡುವಂತಿಲ್ಲ. ಹಿಂದಿರುಗಿದ ಮೇಲೆ ಕಂಡದ್ದನ್ನೂ ಕೇಳಿದ್ದನ್ನೂ ನೆನಪಿನಿಂದ ವಿವರವಾಗಿ ಬರೆಯಬೇಕು. ಆ ಬರಹವೇ ಚಿಕ್ಕ ಗುಂಪಿನ ಚರ್ಚೆಗೆ ವಸ್ತು. ಹೀಗಿರುವಾಗ ಆ ಬರಹ ಯಾವ ಭಾಷೆಯಲ್ಲಿದೆ ಎಂಬುದು ಗೌಣ ಪ್ರಶ್ನೆಯಾಗಲಾರದು.

ಒಂದು ನಿದರ್ಶನವನ್ನು ಗಮನಿಸಬಹುದು. ಅಳುವ ಕೂಸನ್ನು ಚಿಕ್ಕಮ್ಮ ಎತ್ತಿಕೊಂಡರೂ ಸೋದರತ್ತೆ ಎತ್ತಿಕೊಂಡರೂ ಇಂಗ್ಲಿಷ್ ವರದಿಯಲ್ಲಿ ಇಬ್ಬರೂ 'ಆಂಟ್' ಆಗುತ್ತಾರೆ. ಕನ್ನಡವಾದರೋ ತಾಯಿಯ ಸೋದರಿಯರನ್ನೂ ತಂದೆಯ ಸೋದರರ ಹೆಂಡಿರನ್ನೂ ದೊಡ್ಡಮ್ಮ, ಚಿಕ್ಕಮ್ಮ ಎಂದು 'ಅಮ್ಮ'ನ ವಲಯದೊಳಗೆ ಇರಿಸುತ್ತದೆ. ಅತ್ತೆಯನ್ನು ಅದರ ಹೊರಗಿಡುತ್ತದೆ. ಮಲತಾಯಿಯನ್ನೂ ಅನೇಕ ಕಡೆ ಚಿಕ್ಕಮ್ಮನೆಂದೇ ಕರೆಯುವುದುಂಟು; ವಾತ್ಸಲ್ಯ ಮತ್ತು ಭಯ ಒಂದೇ ಪದದಲ್ಲಿ ನೆಲೆಸಿವೆ. ಸುಧೀರ್ ಕಕ್ಕರ್ ಅವರು 'ದಿ ಇನ್ನರ್ ವರ್ಲ್ಡ್' (1978) ಕೃತಿಯಲ್ಲಿ ತಾಯಿ-ಮಗನ ದೀರ್ಘ ಸಾಮೀಪ್ಯಕ್ಕೆ ಒತ್ತು ನೀಡಿದರೆ, ಸ್ಟ್ಯಾನ್ಲಿ ಕರ್ಟ್ಜ್ 1992ರಲ್ಲಿ ಅದನ್ನು ಪ್ರಶ್ನಿಸಿ, ಭಾರತೀಯ ಮಗುವನ್ನು ಹಲವು ತಾಯಂದಿರ ಸಮೂಹ ಬೆಳೆಸುತ್ತದೆ ಎಂದು ವಾದಿಸಿದರು. ಈ ವಾದವನ್ನು ಪರೀಕ್ಷಿಸಲು ಬೇಕಾದ ಸಾಮಗ್ರಿ ನಮ್ಮ ಸಂಬಂಧವಾಚಕಗಳಲ್ಲಿಯೇ ಇದೆ. ಅನುವಾದದಲ್ಲಿ ಮೊದಲು ಅಳಿಸಿಹೋಗುವುದೂ ಅದೇ.

ಬಾಣಂತನದ ವಿಷಯವೂ ಹೀಗೆಯೇ. ಹೆರಿಗೆಯ ಆಸುಪಾಸಿನ ವಾರಗಳಲ್ಲಿ ತಾಯಿಯ ಮನಸ್ಸು ಶಿಶುವಿನಲ್ಲಿ ಸಂಪೂರ್ಣ ಲೀನವಾಗುವ ಸ್ಥಿತಿಯನ್ನು ವಿನ್ನಿಕಾಟ್ 1956ರಲ್ಲಿ ವಿವರಿಸಿದರು. ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಮಗಳ ಎಣ್ಣೆ-ನೀರು, ಪಥ್ಯ, ನಿದ್ದೆಗಳನ್ನು ಅವಳ ತಾಯಿ ವಹಿಸಿಕೊಳ್ಳುವಲ್ಲಿ ತಾಯಿಯೂ ಮತ್ತೆ ಮಗುವಾಗುತ್ತಾಳೆ. ಇದು ಆಸರೆಯೂ ಹೌದು, ಕೆಲವೊಮ್ಮೆ ಕಟ್ಟುಪಾಡೂ ಹೌದು. ಎಲ್ಲ ಜಾತಿ, ವರ್ಗಗಳ ಹೆಣ್ಣಿಗೂ ಈ ವಿಶ್ರಾಂತಿ ಸಮನಾಗಿ ಒದಗುವುದಿಲ್ಲ. ಸಿದ್ಧಾಂತವು ಇಂಥ ವಿವರಗಳ ಎದುರು ತನ್ನನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಹಾಗೆ ತಿದ್ದಿದವರಲ್ಲಿ ಎ.ಕೆ. ರಾಮಾನುಜನ್ ಪ್ರಮುಖರು. ಮಗನನ್ನೇ ಮದುವೆಯಾಗುವ ದುರ್ವಿಧಿಗೆ ಗುರಿಯಾದ ಹೆಣ್ಣಿನ ಕನ್ನಡ ಜನಪದ ಕಥೆಯನ್ನು ಆಧರಿಸಿ, 'ದಿ ಇಂಡಿಯನ್ ಈಡಿಪಸ್' ಪ್ರಬಂಧದಲ್ಲಿ ಅವರು ಗ್ರೀಕ್ ಕಥೆಯ ಕೇಂದ್ರ ಮಗನಾದರೆ ಇಲ್ಲಿಯ ಕೇಂದ್ರ ತಾಯಿಯೆಂದು ತೋರಿಸಿದರು. ಕಥೆಯನ್ನು ಅದರ ಭಾಷೆಯಲ್ಲಿ ಆಲಿಸಿದ್ದರಿಂದಲೇ ಈ ಒಳನೋಟ ಸಾಧ್ಯವಾಯಿತು.

ಆದ್ದರಿಂದ ಮನೋವಿಜ್ಞಾನ ಮತ್ತು ಕನ್ನಡ ವಿಭಾಗಗಳು ಜಂಟಿಯಾಗಿ ಸ್ನಾತಕೋತ್ತರ ಮಟ್ಟದಲ್ಲಿ ಶಿಶುವೀಕ್ಷಣೆಯ ಒಂದು ಪತ್ರಿಕೆಯನ್ನಾದರೂ ರೂಪಿಸಬೇಕು. ವೀಕ್ಷಣಾ ಬರಹವು ಮನೆಯವರ ಒಪ್ಪಿಗೆಯೊಂದಿಗೆ ಮೊದಲು ಆ ಮನೆಯ ಮಾತಿನಲ್ಲಿ, ಅದರ ಪ್ರಾದೇಶಿಕ ರೂಪದಲ್ಲಿಯೇ ಸಿದ್ಧವಾಗಲಿ. ತುಳು, ಉರ್ದು, ಲಂಬಾಣಿ ಮನೆಗಳಿಗೂ ಇದೇ ನಿಯಮ ಅನ್ವಯಿಸಲಿ. ವಿಶ್ಲೇಷಣೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದಲ್ಲಿ ಮೂಲ ದಾಖಲೆಯೂ ಪ್ರಬಂಧದೊಡನೆ ಇರಲಿ. ಉಪಭಾಷೆಗಳನ್ನೂ ಜನಪದ ಕಥನವನ್ನೂ ಬಲ್ಲ ಕನ್ನಡ ವಿದ್ಯಾರ್ಥಿಗಳಿಗೆ ಇಲ್ಲಿ ನಿಜವಾದ ಕೆಲಸವಿದೆ. ಉದ್ಯೋಗ ಮತ್ತು ಪ್ರಕಟಣೆ ಇಂಗ್ಲಿಷಿನಲ್ಲಿವೆ ಎಂಬ ಆಕ್ಷೇಪ ಸಹಜ. ಆದರೆ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವನ್ನು ಮಾದರಿಯಾಗಿಟ್ಟು 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಚಿಕಿತ್ಸೆಯನ್ನು ಜಿಲ್ಲೆ, ತಾಲ್ಲೂಕುಗಳತ್ತ ಕೊಂಡೊಯ್ದಿದೆ. ಅಲ್ಲಿ ಎದುರಿಗೆ ಕುಳಿತವರು ತಮ್ಮ ಸಂಕಟವನ್ನು ಅವ್ವನ, ಅತ್ತೆಯ, ತವರಿನ ಮಾತಿನಲ್ಲಿ ಹೇಳುತ್ತಾರೆ. ಆ ಮಾತನ್ನು ಆಲಿಸುವ ಶಿಸ್ತನ್ನು ಕಲಿಸದ ಸ್ನಾತಕೋತ್ತರ ಪದವಿ ಅವರ ಪಾಲಿಗೆ ನಿರುಪಯುಕ್ತ.